ಸ್ಟ್ರಾಟ್, ಟೆಲಿ, ಲೆಸ್ ಪಾಲ್: ಕೈ ಹೇಳುವುದು, ಕಿವಿ ಹೇಳುವುದು

ಪ್ರಶ್ನೆ: ನಾನು ತೀರ್ಥಹಳ್ಳಿಯ ಹತ್ತಿರದ ಹಳ್ಳಿಯವನು. ಎಂಟು ವರ್ಷಗಳಿಂದ ಅಕೂಸ್ಟಿಕ್ ಗಿಟಾರ್ ನುಡಿಸುತ್ತಿದ್ದು, ನಮ್ಮ ಸುಗಮ ಸಂಗೀತ ತಂಡದಲ್ಲಿ ತಬಲಾ ಮತ್ತು ಕೀಬೋರ್ಡ್ ಜೊತೆ ಕೂರುತ್ತೇನೆ. ಈಗ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮನಸ್ಸಾಗಿದೆ. ದನಿ ಹಿಗ್ಗಿಸುವ ಆ್ಯಂಪ್ ಸೇರಿ ನಲವತ್ತು ಸಾವಿರ ರೂಪಾಯಿ ದಾಟುವಂತಿಲ್ಲ. ಸ್ಟ್ರಾಟ್, ಟೆಲಿ, ಲೆಸ್ ಪಾಲ್ ಎಂಬ ಮೂರು ಹೆಸರುಗಳ ನಡುವೆ ತೊಳಲಾಡುತ್ತಿದ್ದೇನೆ. ಮೊಬೈಲಿನಲ್ಲಿ ವಿಡಿಯೋ ಹಾಕಿ ಕೇಳಿದರೆ ಎಲ್ಲವೂ ಒಂದೇ ಥರ ಕೇಳುತ್ತವೆ. ಕೈಗೂ ಕಿವಿಗೂ ಇವುಗಳಲ್ಲಿ ನಿಜವಾಗಿ ಇರುವ ವ್ಯತ್ಯಾಸವೇನು? ನಮ್ಮ ಮಳೆಗಾಲಕ್ಕೆ ಯಾವುದು ತಾಳಿಕೊಳ್ಳುತ್ತದೆ?

ಉತ್ತರ: ಎಲ್ಲವೂ ಒಂದೇ ಥರ ಕೇಳುತ್ತವೆ ಎಂದು ನೀವು ಸಂಕೋಚದಿಂದ ಬರೆದಿದ್ದೀರಿ, ಅದು ನಿಮ್ಮ ಕಿವಿಯ ದೋಷವಲ್ಲ. ಮೊಬೈಲಿನ ಪುಟ್ಟ ಸ್ಪೀಕರ್ ಮಂದ್ರ ಭಾಗವನ್ನು ನುಂಗಿಬಿಡುತ್ತದೆ, ಮತ್ತು ಈ ಗಿಟಾರ್‌ಗಳ ನಡುವಿನ ಭೇದದ ದೊಡ್ಡ ಪಾಲು ಇರುವುದೇ ಮಂದ್ರದ ತೂಕ ಮತ್ತು ತಾರದ ಹೊಳಪಿನ ಅನುಪಾತದಲ್ಲಿ. ಇನ್ನು ಕೈಗೆ ಸಂಬಂಧಿಸಿದ ಭೇದವಂತೂ ಯಾವ ವಿಡಿಯೋದಲ್ಲೂ ಬರುವುದಿಲ್ಲ. ನನ್ನ ಮಟ್ಟಿಗೆ ಕೊಳ್ಳುವವನು ಮೊದಲು ವಿಚಾರಿಸಬೇಕಾದದ್ದು ಕೈಯನ್ನೇ. ಧ್ವನಿಯನ್ನು ಆಮೇಲೆ ತಂತಿ ಬದಲಿಸಿ, ಆ್ಯಂಪ್ ತಿರುಗಿಸಿ, ಬೇಕಾದರೆ ತಂತಿಯ ಮಿಡಿತವನ್ನು ವಿದ್ಯುತ್ತಾಗಿಸುವ ಪಿಕಪ್ಪನ್ನೇ ಬದಲಿಸಿ ತಿದ್ದಿಕೊಳ್ಳಬಹುದು; ಬೆರಳಾಡುವ ಕುತ್ತಿಗೆ, ಅಂದರೆ ನೆಕ್‌ನ ಉದ್ದ, ಅಗಲ, ಅಡ್ಡ ಬಾಗು ಮಾತ್ರ ಕೊಂಡ ದಿನ ಹೇಗಿತ್ತೋ ಹಾಗೆಯೇ ಉಳಿಯುತ್ತದೆ.

ಮೊದಲು ಈ ಮೂರರ ಹುಟ್ಟಿನ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಸ್ವಭಾವದ ಮೂಲ ಅಲ್ಲಿದೆ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ರೇಡಿಯೋ ರಿಪೇರಿಯಿಂದ ಈ ಕ್ಷೇತ್ರಕ್ಕೆ ಬಂದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಿಚ್ಚಿ ಜೋಡಿಸಬಹುದಾದ ಯಂತ್ರದಂತೆ ಅವರು ಗಿಟಾರನ್ನು ಕಂಡರು: ಚಪ್ಪಟೆ ಹಲಗೆಯ ದೇಹ, ಅದಕ್ಕೆ ನಾಲ್ಕು ಸ್ಕ್ರೂಗಳಿಂದ ಬಿಗಿದ ಮೇಪಲ್ ಮರದ ನೆಕ್. 1950ರಲ್ಲಿ ಬೇರೆ ಹೆಸರಿನಿಂದ ಹೊರಬಂದು 1951ರಲ್ಲಿ ಟೆಲಿಕ್ಯಾಸ್ಟರ್ ಎಂದು ಹೆಸರಾದದ್ದು ಇದೇ. ಗಿಬ್ಸನ್ ಮಾತ್ರ ಮ್ಯಾಂಡೊಲಿನ್, ಕೊರೆದ ಮೇಲ್ಮೈಯ ಗಿಟಾರ್‌ಗಳನ್ನು ಮಾಡುತ್ತಿದ್ದ ಹಳೆಯ ಸಂಸ್ಥೆ. 1952ರಲ್ಲಿ ಅದು ತಂದ ಲೆಸ್ ಪಾಲ್‌ನಲ್ಲಿ ಮಹಾಗನಿಯ ದಪ್ಪ ದೇಹ, ಮೇಲೆ ಉಬ್ಬಾಗಿ ಕೆತ್ತಿದ ಮೇಪಲ್, ಅಂಟಿನಿಂದ ಕೂರಿಸಿದ ನೆಕ್ ಇದ್ದವು. ಫೆಂಡರ್ 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ತಂದಾಗ, ಟೆಲಿಯ ಚೂಪು ಅಂಚು ಪಕ್ಕೆಗೂ ತೋಳಿಗೂ ಒತ್ತುತ್ತದೆ ಎಂಬ ವಾದಕರ ದೂರನ್ನು ಕೇಳಿ ದೇಹವನ್ನು ಹಿಂದೆ ಮುಂದೆ ಸವರಿ ತೆಗೆದರು. ಇಂದು ಅಂಗಡಿಯಲ್ಲಿ ಕಾಣುವ ಗಿಟಾರ್‌ಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರ ಮಕ್ಕಳು ಅಥವಾ ಮೊಮ್ಮಕ್ಕಳು.

ಈಗ ಕೈಯ ವಿಷಯ. ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಿಂದ ಬ್ರಿಜ್‌ವರೆಗೆ, ಅಂದರೆ ವೀಣೆಯವರ ಮಾತಿನಲ್ಲಿ ಕುದುರೆಯವರೆಗೆ, ತಂತಿಯ ಮಿಡಿಯುವ ಉದ್ದವನ್ನು ಸ್ಕೇಲ್ ಎನ್ನುತ್ತಾರೆ. ಸ್ಟ್ರಾಟ್ ಮತ್ತು ಟೆಲಿಗಳಲ್ಲಿ ಅದು 25.5 ಇಂಚು, ಲೆಸ್ ಪಾಲ್‌ನಲ್ಲಿ ಹೆಸರಿಗೆ 24.75 ಇಂಚು. ಲೆಸ್ ಪಾಲ್ ಮೆತ್ತಗೆ, ಸ್ಟ್ರಾಟ್ ಬಿಗಿ ಎಂದು ಎಲ್ಲರೂ ಹೇಳುವ ಮಾತಿನ ಬೇರು ಇಲ್ಲಿದೆ. ಆದರೆ ಲೆಕ್ಕ ಹಾಕಿ ನೋಡಿ: ಒಂದೇ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಅದರ ಬಿಗಿತ ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಆ ಪ್ರಕಾರ ಸ್ಟ್ರಾಟ್‌ನ ತಂತಿ ಕೇವಲ ಸುಮಾರು 6 ಶೇಕಡಾ ಹೆಚ್ಚು ಬಿಗಿ. ಬಿಗಿತವು ತಂತಿಯ ದಪ್ಪದ ವರ್ಗಕ್ಕೂ ಅನುಪಾತದಲ್ಲಿರುವುದರಿಂದ, 10ರ ಸೆಟ್ (ಮೊದಲ ತಂತಿಯ ದಪ್ಪ ಇಂಚಿನ ಸಾವಿರ ಪಾಲಿನಲ್ಲಿ ಹತ್ತು) ತೆಗೆದು 9ರ ಸೆಟ್ ಹಾಕಿದರೆ ಮೊದಲ ತಂತಿಯ ಬಿಗಿತ 19 ಶೇಕಡಾ ಇಳಿಯುತ್ತದೆ. ಅಂದರೆ ಗಿಟಾರ್ ಬದಲಿಸಿ ಸಿಗುವ ಮೆದುತನದ ಮೂರು ಪಟ್ಟು, ಕೆಲವು ನೂರು ರೂಪಾಯಿಯ ತಂತಿಯಲ್ಲೇ ಸಿಗುತ್ತದೆ. ಮೊದಲ ಫ್ರೆಟ್‌ನ, ಅಂದರೆ ಮೊದಲ ಮೆಟ್ಟಿಲಿನ ಅಗಲದಲ್ಲಿ ಈ ಎರಡು ಸ್ಕೇಲ್‌ಗಳ ನಡುವಿನ ಅಂತರ ಒಂದು ಮಿಲಿಮೀಟರ್ ಮಾತ್ರ. ನಿಮ್ಮ ಅಕೂಸ್ಟಿಕ್ ದೊಡ್ಡ ದೇಹದ ಸಾಮಾನ್ಯ ಮಾದರಿಯದಾಗಿದ್ದರೆ ಅದರ ಸ್ಕೇಲ್ 25.4 ಇಂಚಿನ ಆಸುಪಾಸಿನಲ್ಲೇ ಇರುತ್ತದೆ, ತಂತಿಯೋ 12ರದ್ದು. ಅದಕ್ಕೆ ಎಂಟು ವರ್ಷ ಒಗ್ಗಿದ ಬೆರಳಿಗೆ ಸ್ಟ್ರಾಟ್ ಕೂಡ ಬೆಣ್ಣೆಯಂತೆ ಅನಿಸೀತು. ಹಾಗಾಗಿ ಮೆತ್ತಗಿರಲಿ ಎಂಬ ಒಂದೇ ಕಾರಣಕ್ಕೆ ಲೆಸ್ ಪಾಲ್ ಆರಿಸುವ ಅಗತ್ಯ ನಿಮಗಿಲ್ಲ.

ಸ್ಕೇಲ್‌ಗಿಂತ ನಿಮ್ಮ ಕೆಲಸಕ್ಕೆ ಹೆಚ್ಚು ಮುಖ್ಯವಾದದ್ದು, ಆದರೆ ಅಂಗಡಿಯವರು ಎಂದೂ ಹೇಳದ್ದು, ಫ್ರೆಟ್‌ಬೋರ್ಡಿನ ಅಡ್ಡ ಬಾಗು. ಬೋರ್ಡ್ ಮೇಲಿನಿಂದ ಕೆಳಕ್ಕೆ ಚಪ್ಪಟೆಯಾಗಿರದೆ ವೃತ್ತದ ಒಂದು ಚೂರಿನಂತೆ ಬಾಗಿರುತ್ತದೆ. ಹಳೆಯ ಫೆಂಡರ್‌ಗಳಲ್ಲಿ ಆ ವೃತ್ತದ ತ್ರಿಜ್ಯ 7.25 ಇಂಚು, ಇತ್ತೀಚಿನ ಬಹುಪಾಲು ಫೆಂಡರ್‌ಗಳಲ್ಲಿ 9.5, ಗಿಬ್ಸನ್‌ನಲ್ಲಿ 12. ತ್ರಿಜ್ಯ ಚಿಕ್ಕದಾದಷ್ಟೂ ಬಾಗು ಹೆಚ್ಚು. ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತಿ ಬಾರ್ ಕಾರ್ಡ್ ಹಿಡಿಯುವ ಕೈಗೆ ಅದು ಹಿತ. ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವಾಗ, ಎಳೆದ ತಂತಿ ಬೋರ್ಡಿನ ಉಬ್ಬಿನ ಮೇಲೆ ಹತ್ತಿ ಮುಂದಿನ ಫ್ರೆಟ್‌ಗೆ ತಗುಲಿ, ಸ್ವರ ನಡುವೆಯೇ ಉಸಿರುಗಟ್ಟಿ ಸಾಯುತ್ತದೆ. ತಂತಿಯನ್ನು ತಗ್ಗಿಸಿಟ್ಟವರಿಗೆ ಈ ಕಾಟ ಜಾಸ್ತಿ. ಭಾವಗೀತೆಯ ಸಾಲುಗಳ ನಡುವೆ ನೀವು ತುಂಬುವ ಜಾರು, ಆಂದೋಲನಗಳೆಲ್ಲ ಇಂಥ ಎಳೆತದಿಂದಲೇ ಬರಬೇಕಾದವು. ವೀಣೆಯಲ್ಲಿ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರ ಮುಟ್ಟುವವರನ್ನು ನೀವು ನೋಡಿರಬಹುದು. ಗಿಟಾರ್‌ನಲ್ಲಿ ಅಷ್ಟು ಸಾಧ್ಯವಿಲ್ಲದಿದ್ದರೂ, 9ರ ತಂತಿ ಮತ್ತು 12 ಇಂಚಿಗೂ ಚಪ್ಪಟೆಯಾದ ಬೋರ್ಡ್ ಇದ್ದರೆ ಒಂದೂವರೆ ಸ್ವರದ ಎಳೆತ ಅಳುಕಿಲ್ಲದೆ ಬರುತ್ತದೆ. ಈ ಒಂದು ಅಳತೆಯನ್ನು ಕೇಳದೆ ಗಿಟಾರ್ ಕೊಳ್ಳಬೇಡಿ.

ಕೂರುವ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಈ ಗಿಟಾರ್‌ಗಳನ್ನು ರೂಪಿಸಿದವರು ಕುರ್ಚಿಯಲ್ಲಿ ಕೂತವರನ್ನೋ ಹೆಗಲಿಗೆ ಪಟ್ಟಿ ಹಾಕಿ ನಿಂತವರನ್ನೋ ಕಣ್ಣ ಮುಂದೆ ಇಟ್ಟುಕೊಂಡಿದ್ದರು. ನೀವು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಎರಡು ಗಂಟೆ ಕೂರುವವರು. ಆ ಭಂಗಿಯಲ್ಲಿ ಸ್ಟ್ರಾಟ್‌ನ ಸವರಿದ ದೇಹ ಹೊಟ್ಟೆಗೆ ಒರಗಿ ತಾನಾಗಿ ನಿಲ್ಲುತ್ತದೆ. ಟೆಲಿಯ ಅಂಚು ಮುಂಗೈಗೆ ಗೆರೆ ಮೂಡಿಸುತ್ತದೆ, ಒಂದು ತಿಂಗಳಲ್ಲಿ ಅಭ್ಯಾಸವೂ ಆಗುತ್ತದೆ. ಲೆಸ್ ಪಾಲ್ ತೊಡೆಯ ಮೇಲೆ ಸ್ಥಿರವಾಗಿಯೇ ಕೂರುತ್ತದೆ, ಆದರೆ ತೂಕ ನಾಲ್ಕು ಕಿಲೋ ದಾಟುವುದು ಸಾಮಾನ್ಯ. ಬೆನ್ನು ಅದನ್ನು ಮರುದಿನ ನೆನಪಿಸುತ್ತದೆ. ಅದರ ಇನ್ನೊಂದು ಬಲಹೀನತೆ ತಲೆಯ ಬುಡದಲ್ಲಿದೆ. ಗಿಬ್ಸನ್ ಮಾದರಿಯಲ್ಲಿ ತಲೆಯ ಭಾಗ ಸುಮಾರು 17 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಅಲ್ಲಿ ಮರದ ಎಳೆಗಳು ಅಡ್ಡಕ್ಕೆ ತುಂಡಾಗಿರುತ್ತವೆ, ನೆಕ್‌ನೊಳಗೆ ಅದರ ಬಾಗು ತಿದ್ದಲು ಇರುವ ಸರಳು, ಅಂದರೆ ಟ್ರಸ್ ರಾಡ್‌ನ ಗುಳಿ ಬೇರೆ ಅಲ್ಲೇ ಬರುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿ ಸಾಗರದ ಬಸ್ಸಿನ ಸೀಟಿಗೆ ಒರಗಿಸಿಟ್ಟಿದ್ದ ನನ್ನ ಮೊದಲ ಲೆಸ್ ಪಾಲ್ ಮಾದರಿಯ ಗಿಟಾರ್, ಆನಂದಪುರದ ಹತ್ತಿರದ ಒಂದು ಬ್ರೇಕಿಗೆ ಬಿದ್ದು ಸರಿಯಾಗಿ ಅಲ್ಲೇ ಸೀಳಿತು. ಅಂಟಿಸಿದೆ, ಇಂದಿಗೂ ನುಡಿಯುತ್ತದೆ. ಆದರೂ ಬಸ್ಸಿನಲ್ಲಿ ಓಡಾಡುವವರಿಗೆ ಗಟ್ಟಿ ಪೆಟ್ಟಿಗೆಯಿಲ್ಲದೆ ಆ ಮಾದರಿಯನ್ನು ನಾನು ಹೇಳುವುದಿಲ್ಲ. ಫೆಂಡರ್ ಮಾದರಿಯ ನೇರ ತಲೆಗೆ ಈ ಭಯ ಬಹಳ ಕಡಿಮೆ.

ಇನ್ನು ಕಿವಿಯ ವಿಷಯಕ್ಕೆ ಬರುತ್ತೇನೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ನಾವು ಕೇಳುವುದು ಮರದ ದನಿಯನ್ನಲ್ಲ. ಅಯಸ್ಕಾಂತದ ಮೇಲೆ ಮಿಡಿಯುವ ಉಕ್ಕಿನ ತಂತಿ ಸುರುಳಿಯಲ್ಲಿ ಹುಟ್ಟಿಸಿದ ವಿದ್ಯುತ್ತನ್ನು ನಾವು ಕೇಳುತ್ತೇವೆ. ಆದ್ದರಿಂದ ಪಿಕಪ್ ಯಾವ ಜಾತಿಯದು, ತಂತಿಯ ಯಾವ ಜಾಗದ ಕೆಳಗಿದೆ ಎಂಬ ಎರಡು ಸಂಗತಿಗಳೇ ಧ್ವನಿಯ ಮುಖ್ಯ ರೂಪವನ್ನು ನಿರ್ಧರಿಸುತ್ತವೆ. ಮೀಟಿದ ತಂತಿಯಲ್ಲಿ ಮೂಲಸ್ವರದ ಜೊತೆಗೇ ಅದರ ಮೇಲಿನ ಉಪಸ್ವರಗಳೂ ಹುಟ್ಟುತ್ತವೆ. ಬ್ರಿಜ್‌ನ ಹತ್ತಿರ ತಂತಿಯ ಓಲಾಟ ಕಿರಿದು, ಉಪಸ್ವರಗಳ ಪಾಲು ಹೆಚ್ಚು. ಹಾಗಾಗಿ ಬ್ರಿಜ್ ಪಿಕಪ್ ಎಲ್ಲ ಗಿಟಾರ್‌ನಲ್ಲೂ ತೆಳ್ಳಗೆ, ಹರಿತವಾಗಿ ಕೇಳುತ್ತದೆ. ನೆಕ್‌ನ ಹತ್ತಿರದ್ದು ದುಂಡಗೆ, ತುಂಬಿಕೊಂಡಂತೆ ಕೇಳುತ್ತದೆ. ನಿಮ್ಮ ಅಕೂಸ್ಟಿಕ್‌ನಲ್ಲೇ ಇದನ್ನು ಪರೀಕ್ಷಿಸಬಹುದು: ಒಮ್ಮೆ ಬ್ರಿಜ್‌ನ ಪಕ್ಕದಲ್ಲೇ, ಇನ್ನೊಮ್ಮೆ ನೆಕ್ ಮುಗಿಯುವಲ್ಲಿ ಮೀಟಿ ನೋಡಿ, ಅದೇ ಭೇದ ಕೇಳಿಸುತ್ತದೆ.

ಜಾತಿಯ ವಿಷಯ ಹೀಗಿದೆ. ಸ್ಟ್ರಾಟ್, ಟೆಲಿಗಳಲ್ಲಿರುವುದು ಒಂದೇ ಸುರುಳಿಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್. ಅದು ತಂತಿಯ ಒಂದು ಕಿರಿದಾದ ಜಾಗದ ಮಿಡಿತವನ್ನಷ್ಟೇ ಹಿಡಿಯುತ್ತದೆ. ಅದರ ಅನುರಣನದ ತುದಿ ತಾರದ ಎತ್ತರದಲ್ಲಿರುವುದರಿಂದ ಬೆರಳು ತಂತಿಗೆ ತಾಗಿದ ಕ್ಷಣವೂ ಕೇಳುತ್ತದೆ. ಲೆಸ್ ಪಾಲ್‌ನಲ್ಲಿರುವುದು ಹಂಬಕರ್. ಸೇತ್ ಲವರ್ ಎಂಬ ಎಂಜಿನಿಯರ್ ಗಿಬ್ಸನ್‌ಗಾಗಿ 1955ರಲ್ಲಿ ರೂಪಿಸಿದ, 1957ರಿಂದ ಲೆಸ್ ಪಾಲ್‌ಗೆ ಸೇರಿದ ಎರಡು ಸುರುಳಿಗಳ ಪಿಕಪ್ ಅದು. ಎರಡು ಸುರುಳಿಗಳ ಸುತ್ತೂ ಅಯಸ್ಕಾಂತದ ಮುಖವೂ ತಿರುಗುಮುರುಗಾಗಿರುವುದರಿಂದ ಹೊರಗಿನಿಂದ ಬಂದ ವಿದ್ಯುತ್ ಗದ್ದಲ ಪರಸ್ಪರ ಕಳೆದುಹೋಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಆದರೆ ಅದು ತಂತಿಯ ಅಗಲವಾದ ಭಾಗದ ಮಿಡಿತವನ್ನು ಒಟ್ಟಿಗೆ ಹಿಡಿಯುವುದರಿಂದಲೂ ಸುರುಳಿಯ ಒಟ್ಟು ಸುತ್ತು ಹೆಚ್ಚಾದದ್ದರಿಂದಲೂ ಅತಿ ಮೇಲಿನ ಉಪಸ್ವರಗಳು ಮಂಕಾಗುತ್ತವೆ. ದನಿ ಜೋರು, ದಪ್ಪ, ಮಧ್ಯಮ ಭಾಗದಲ್ಲಿ ತುಂಬು. ಒಂದು ಸ್ವರ ಹಿಡಿದು ಹಾಡಿನಂತೆ ಉದ್ದಕ್ಕೆ ಎಳೆಯಬೇಕಾದರೆ ಲೆಸ್ ಪಾಲ್‌ಗೆ ಸಮನಿಲ್ಲ. ಆರು ತಂತಿಯ ಕಾರ್ಡ್ ಬಿಡಿಬಿಡಿಯಾಗಿ ಕೇಳಬೇಕಾದರೆ ಸ್ಟ್ರಾಟ್, ಟೆಲಿಗಳ ಮುಂದೆ ಅದು ಮಂಜು ಕವಿದಂತೆ ಅನಿಸುತ್ತದೆ.

ಸ್ಟ್ರಾಟ್ ಮತ್ತು ಟೆಲಿಗಳೂ ತಮ್ಮತಮ್ಮಲ್ಲೇ ಬೇರೆ. ಟೆಲಿಯ ಬ್ರಿಜ್ ಪಿಕಪ್ ಒಂದು ಉಕ್ಕಿನ ತಟ್ಟೆಯೊಳಗೆ ಓರೆಯಾಗಿ ಕೂತಿದ್ದು, ಕಂಚಿನ ಪಾತ್ರೆಯ ಅಂಚನ್ನು ತಟ್ಟಿದಂಥ ಖಣಖಣ ದನಿ ಅದರಲ್ಲಿದೆ. ಅದರ ನೆಕ್ ಪಿಕಪ್‌ಗೆ ಲೋಹದ ಮುಚ್ಚಳ ಇರುವುದರಿಂದ ಅಷ್ಟೇ ವಿರುದ್ಧವಾದ ಮೃದುತನ. ಹಾಡುವವರ ದನಿಯ ಕೆಳಗೆ ಜಗಳವಾಡದೆ ಕೂರುವ ದನಿ ಇದು, ನನಗೆ ಖಾಸಗಿಯಾಗಿ ತುಂಬ ಪ್ರಿಯ. ಸ್ಟ್ರಾಟ್‌ನಲ್ಲಿ ಮೂರು ಪಿಕಪ್‌ಗಳು. ಮೊದಲಿಗೆ ಕಂಪನಿ ಕೊಟ್ಟಿದ್ದು ಮೂರು ನೆಲೆಯ ಸ್ವಿಚ್. ವಾದಕರು ಅದನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿ ಎರಡೆರಡು ಪಿಕಪ್‌ಗಳನ್ನು ಒಟ್ಟಿಗೆ ನುಡಿಸುತ್ತಿದ್ದರು. ಆ ತುಂಟತನವನ್ನು ಒಪ್ಪಿಕೊಂಡು ಐದು ನೆಲೆಯ ಸ್ವಿಚ್ ಬಂದದ್ದು 1977ರಲ್ಲಿ. ಎರಡನೆಯ ಮತ್ತು ನಾಲ್ಕನೆಯ ನೆಲೆಯ ಆ ಗಾಜಿನಂಥ, ಒಳಗೆ ಟೊಳ್ಳಿರುವಂಥ ದನಿ ಲೆಸ್ ಪಾಲ್‌ನಿಂದ ಎಷ್ಟು ತಿರುಗಿಸಿದರೂ ಬರುವುದಿಲ್ಲ. ತಬಲಾದ ಬಾಯಾ ಮತ್ತು ಕೀಬೋರ್ಡಿನ ಎಡಗೈ ಮಂದ್ರವನ್ನು ಈಗಾಗಲೇ ಆಕ್ರಮಿಸಿರುವ ನಿಮ್ಮ ತಂಡದಲ್ಲಿ ಈ ತೆಳು ದನಿಗೆ ಸುಲಭವಾಗಿ ಜಾಗ ಸಿಗುತ್ತದೆ.

ಸಿಂಗಲ್ ಕಾಯಿಲ್‌ಗೆ ಒಂದು ಶಾಪ ಅಂಟಿಕೊಂಡಿದೆ, ನಮ್ಮ ಕಡೆ ಅದು ಇನ್ನೂ ಜಾಸ್ತಿ ಕಾಡುತ್ತದೆ. ನಮ್ಮ ಮನೆಗಳ ವಿದ್ಯುತ್ 50 ಹರ್ಟ್ಸ್‌ನದು. ಸುತ್ತಲಿನ ವೈರಿಂಗ್, ಚೋಕ್ ಇರುವ ಟ್ಯೂಬ್‌ಲೈಟ್, ಮಳೆಗಾಲದಲ್ಲಿ ಸದಾ ಓಡುವ ಅಗ್ಗದ ಇನ್ವರ್ಟರ್ ಎಲ್ಲದರ ಗುಂಯ್ಗುಡುವಿಕೆಯನ್ನೂ ಆ ಪಿಕಪ್ ಹೀರಿಕೊಳ್ಳುತ್ತದೆ. ಆ 50 ಹರ್ಟ್ಸ್ ಎಂಬುದು ಮಂದ್ರದ ಬಿಳಿ ಐದರ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯ) ಸ್ವರಕ್ಕಿಂತ ತುಸುವೇ ಮೇಲೆ. ಬಿಳಿ ಐದಕ್ಕೆ ಶ್ರುತಿ ಹಿಡಿದು ಹಾಡುವವರ ಪಕ್ಕದಲ್ಲಿ ಅದು ಗದ್ದಲವಾಗಿ ಮಾತ್ರವಲ್ಲ, ಅಪಶ್ರುತಿಯಾಗಿಯೂ ಕೇಳುತ್ತದೆ. ಗಣಪತಿ ಪೆಂಡಾಲಿನಲ್ಲಿ ಸೀರಿಯಲ್ ಸೆಟ್ ದೀಪಗಳ ಕೆಳಗೆ ಸ್ಟ್ರಾಟ್ ಹಿಡಿದು ಕೂತಿದ್ದ ಒಂದು ಸಂಜೆ, ಗಾಯಕಿ ಎರಡು ಸಲ ತಂಬೂರಿ ಪೆಟ್ಟಿಗೆಯನ್ನೇ ಅನುಮಾನದಿಂದ ನೋಡಿದ್ದು ನನಗೆ ನೆನಪಿದೆ. ಕೂತಲ್ಲೇ ಸ್ವಲ್ಪ ತಿರುಗಿದರೆ ಗದ್ದಲ ಇಳಿಯುವ ಒಂದು ದಿಕ್ಕು ಸಿಗುತ್ತದೆ. ಈಚಿನ ಬಹುತೇಕ ಸ್ಟ್ರಾಟ್ ಮಾದರಿಗಳಲ್ಲಿ ನಡುವಿನ ಪಿಕಪ್ಪನ್ನು ತಿರುಗುಮುರುಗಾಗಿ ಸುತ್ತಿರುವುದರಿಂದ ಎರಡು ಮತ್ತು ನಾಲ್ಕನೆಯ ನೆಲೆಗಳು ಹಂಬಕರ್‌ನಂತೆ ಮೌನವಾಗಿರುತ್ತವೆ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸುವುದು ಎಲ್ಲಕ್ಕಿಂತ ಮೊದಲ ಕೆಲಸ. ತಂತಿ ಮುಟ್ಟಿದಾಗ ಜುಮ್ಮೆಂದರೆ ಅಂದು ನುಡಿಸುವುದೇ ಬೇಡ.

ಮರದ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯಲ್ಲಿ ಖಂಡಿತ ಯಾರಾದರೂ ಮಹಾಗನಿಯ ಬೆಚ್ಚನೆ ದನಿ ಎಂದು ಪುರಾಣ ಹೇಳುತ್ತಾರೆ. ಅಕೂಸ್ಟಿಕ್‌ನಲ್ಲಿ ಮರವೇ ಎಲ್ಲ. ಘನ ದೇಹದ ಎಲೆಕ್ಟ್ರಿಕ್‌ನಲ್ಲಿ, ಆ್ಯಂಪ್‌ಗೆ ಹಾಕಿದ ಮೇಲೆ, ದೇಹದ ಮರದ ಪಾಲು ಪಿಕಪ್ಪಿನ ಎತ್ತರವನ್ನು ಅರ್ಧ ತಿರುಪು ಬದಲಿಸಿದಾಗ ಆಗುವುದಕ್ಕಿಂತ ಕಡಿಮೆ ಎಂಬುದು ನನ್ನ ಅನುಭವ. ಅಂದಹಾಗೆ, ಫ್ರೆಟ್‌ಬೋರ್ಡಿಗೆ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಬೀಟೆ ಮರವೇ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ 2017ರ ಜನವರಿಯಲ್ಲಿ ಈ ಜಾತಿಯ ಮರಗಳೆಲ್ಲ ನಿರ್ಬಂಧಕ್ಕೆ ಒಳಪಟ್ಟು, 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಡುವಿನ ವರ್ಷಗಳ ಹಲವು ಗಿಟಾರ್‌ಗಳಲ್ಲಿ ಬೇರೆ ಮರ ಕಾಣುವುದು ಅದಕ್ಕೆ. ಹಳೆಯದನ್ನು ಕೊಳ್ಳುವಾಗ ಅದನ್ನು ಕಳಪೆ ಎಂದು ಭಾವಿಸಬೇಕಾಗಿಲ್ಲ.

ಮಳೆಗಾಲದ ಬಗ್ಗೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ನಮ್ಮದು. ಗಿಟಾರ್‌ಗೆ ಹಿತವಾದ ಗಾಳಿಯ ತೇವ 50 ಶೇಕಡಾದ ಆಸುಪಾಸಿನದು. ಇಂಥ ಕಡೆ ಘನ ದೇಹದ ಎಲೆಕ್ಟ್ರಿಕ್, ನಿಮ್ಮ ಅಕೂಸ್ಟಿಕ್‌ಗಿಂತ ಎಷ್ಟೋ ಗಟ್ಟಿ ಜೀವ. ಅಕೂಸ್ಟಿಕ್‌ನ ತೆಳು ಮೇಲ್ಹಲಗೆ ಉಬ್ಬಿದಂತೆ ಇದರಲ್ಲಿ ಉಬ್ಬಲು ಏನೂ ಇಲ್ಲ. ಕದಲುವುದು ನೆಕ್ ಮಾತ್ರ. ಜುಲೈನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಟ್ರಸ್ ರಾಡನ್ನು ಕಾಲು ಸುತ್ತಿನಷ್ಟು ಸರಿಪಡಿಸಿಕೊಂಡರೆ ಸಾಕು; ಬೇಸಿಗೆಯಲ್ಲಿ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚಿದರೆ ಅರದಿಂದ ಸವರಿಸಿ. ಮೂರು ಮಾದರಿಗಳಲ್ಲಿ ಭೇದವೆಂದರೆ, ಸ್ಕ್ರೂ ಹಾಕಿದ ನೆಕ್ಕನ್ನು ತೆಗೆದು ತಿದ್ದಬಹುದು, ಅಂಟಿನದಕ್ಕೆ ಆ ಸೌಲಭ್ಯವಿಲ್ಲ. ತುಕ್ಕು ನಿಜವಾದ ಶತ್ರು: ಲೇಪನವಿರುವ ತಂತಿ ಹಾಕಿ, ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಬೆವರುವ ಹೊರಗೋಡೆಗೆ ನೇತುಹಾಕದೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪೆಟ್ಟಿಗೆಯಲ್ಲಿಡಿ. ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುವುದು ಖಚಿತ, ನೈಲಾನಿನದೇ ಸಾಕು.

ಬೇರೆ ಮಾದರಿಗಳಲ್ಲಿ, ಗಿಬ್ಸನ್‌ನ 1961ರ ಎಸ್‌ಜಿ ಹಗುರ, ಆದರೆ ಅದರ ತಲೆ ನೆಲಕ್ಕೆ ಎಳೆಯುತ್ತದೆ. ಅದೇ ಸಂಸ್ಥೆಯ 1958ರ ಇಎಸ್‌-335ರ ಮಾದರಿಯ ಅರೆಟೊಳ್ಳು ಗಿಟಾರ್ ಅಕೂಸ್ಟಿಕ್‌ನಿಂದ ಬಂದವರಿಗೆ ಬಹಳ ಆಪ್ತವಾಗಿ ಕೇಳುತ್ತದೆ. ತೆಳು ಹಲಗೆಯ ದೇಹಕ್ಕೆ ನಮ್ಮ ತೇವ ಹೆಚ್ಚು ತಾಗುತ್ತದೆ, ಪಕ್ಕದ ಮಾನಿಟರಿನ ದನಿ ಹಿಡಿದು ಕಿರುಚುವ ಗುಣವೂ ಉಂಟು. ಎರಡೂ ಕಡೆ ಅಲುಗುವ ಫ್ಲಾಯ್ಡ್ ರೋಸ್ ಬ್ರಿಜ್ ಇರುವುದು ನಿಮಗೆ ಬೇಡವೇ ಬೇಡ.

ಅಮೆರಿಕದಲ್ಲಿ ತಯಾರಾದ ಫೆಂಡರ್, ಗಿಬ್ಸನ್‌ಗಳು ನಿಮ್ಮ ಮೊತ್ತಕ್ಕೆ ಎಟುಕುವುದಿಲ್ಲ. ಅವೇ ಸಂಸ್ಥೆಗಳ ಸ್ಕ್ವಯರ್, ಎಪಿಫೋನ್ ಹೆಸರಿನವು ಮತ್ತು ಯಮಹಾದ ಪೆಸಿಫಿಕಾ ಎಟುಕುತ್ತವೆ. ನನ್ನನ್ನೇ ಆರಿಸಲು ಬಿಟ್ಟರೆ ನಿಮಗೆ ಪೆಸಿಫಿಕಾ 112ವಿ ಮಾದರಿಯನ್ನು ಹೇಳುತ್ತೇನೆ. ದೇಹ, ಸ್ಕೇಲ್ ಎರಡೂ ಸ್ಟ್ರಾಟ್‌ನವೇ. ಬೋರ್ಡಿನ ತ್ರಿಜ್ಯ 13.75 ಇಂಚು, ಆದ್ದರಿಂದ ಎಳೆತಕ್ಕೆ ಉಸಿರುಗಟ್ಟುವುದಿಲ್ಲ. ಎರಡು ಸಿಂಗಲ್ ಕಾಯಿಲ್‌ಗಳ ಜೊತೆ ಬ್ರಿಜ್‌ನಲ್ಲಿ ಹಂಬಕರ್ ಇದೆ, ಗುಂಡಿ ಎಳೆದರೆ ಅದರ ಒಂದು ಸುರುಳಿ ಮಾತ್ರ ನುಡಿಯುತ್ತದೆ. ಲೆಸ್ ಪಾಲ್‌ನ ಪೂರ್ತಿ ತುಂಬುತನ ಇದರಲ್ಲಿಲ್ಲ, ಟೆಲಿಯ ಖಣಖಣವೂ ಇಲ್ಲ. ಆದರೆ ಪೆಂಡಾಲಿನಲ್ಲಿ ಗದ್ದಲ ಎದ್ದಾಗ ಹಂಬಕರ್‌ಗೆ ಜಾರಿಕೊಳ್ಳುವ ದಾರಿ ಇದೆ. ಎರಡನೆಯ ಆಯ್ಕೆ ಸ್ಕ್ವಯರ್‌ನ ಟೆಲಿ. ಕೈಗೆತ್ತಿಕೊಂಡಾಗ ಅದೇ ಹೆಚ್ಚು ಹಿಡಿಸಿದರೆ ನನ್ನ ಮಾತನ್ನು ಬದಿಗಿಡಿ.

ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ನೋಡಲು ಹೋದಾಗ ನಿಮ್ಮ ಪ್ಲೆಕ್ಟ್ರಮ್ಮನ್ನೇ ಒಯ್ಯಿರಿ, ಮತ್ತು ಮೊದಲ ಹತ್ತು ನಿಮಿಷ ಆ್ಯಂಪ್‌ಗೆ ಹಾಕದೆ, ನೆಲದ ಮೇಲೆ ಕೂತು ನುಡಿಸಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ. ಆಮೇಲೆ ಎಲ್ಲ ಗಿಟಾರ್‌ಗಳನ್ನೂ ಒಂದೇ ಆ್ಯಂಪ್‌ಗೆ, ಗುಂಡಿಗಳನ್ನೆಲ್ಲ ನಡುವಿಗಿಟ್ಟು, ಒಂದೇ ಸಣ್ಣ ಕೇಬಲ್‌ನಿಂದ ಹಾಕಿಸಿ, ಏಕೆಂದರೆ ಉದ್ದದ ಕೇಬಲ್ ಮೇಲಿನ ಹೊಳಪನ್ನು ತಿನ್ನುತ್ತದೆ. ಹಂಬಕರ್ ಸಹಜವಾಗಿ ಜೋರು, ಜೋರಾದದ್ದೇ ಚೆನ್ನ ಎಂದು ಕಿವಿ ಮೋಸ ಹೋಗುತ್ತದೆ. ಅದರ ವಾಲ್ಯೂಮ್ ಇಳಿಸಿ ಸಮ ಮಾಡಿಕೊಂಡು ಕೇಳಿ. ಹನ್ನೆರಡನೆಯ ಫ್ರೆಟ್‌ನಿಂದ ಮೇಲೆ ಪ್ರತಿ ತಂತಿಯನ್ನೂ ಒಂದು ಪೂರ್ಣ ಸ್ವರ ಎಳೆದು, ಸತ್ತುಹೋಗುವ ಜಾಗವಿದೆಯೇ ಎಂದು ನೋಡಿ. ನಿಮ್ಮ ಮೊತ್ತದ ಕಾಲು ಭಾಗವನ್ನಾದರೂ ಆ್ಯಂಪ್‌ಗೆ ಮೀಸಲಿಡಿ, ಎಂಟು ಇಂಚಿಗಿಂತ ಚಿಕ್ಕ ಸ್ಪೀಕರಿನದು ತಬಲಾದ ಪಕ್ಕದಲ್ಲಿ ಕೇಳಿಸುವುದೇ ಇಲ್ಲ. ಕೊಂಡ ಮೇಲೆ, ನುಡಿಸಲು ತೊಡಗುವ ಮೊದಲೇ, ಬಲ್ಲವರೊಬ್ಬರಿಂದ ಸೆಟಪ್ ಮಾಡಿಸಿ: ಹದಿನೇಳನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ 1.6 ಮಿಲಿಮೀಟರ್, ನೆಕ್‌ನ ಉದ್ದಕ್ಕಿರುವ ಬಾಗು ಏಳೆಂಟನೆಯ ಫ್ರೆಟ್‌ನ ಬಳಿ ಕಾಲು ಮಿಲಿಮೀಟರ್ ಇರಲಿ ಎಂದು ಹೇಳಿ, ನಟ್‌ನಲ್ಲಿ ತಂತಿ ಕೂರುವ ಗೀರುಗಳಿಗೆ ಪೆನ್ಸಿಲ್ ಸೀಸ ತಿಕ್ಕಿಸಿಕೊಳ್ಳಿ. ಮೊದಲ ಮಳೆಗಾಲ ಮುಗಿದ ಮೇಲೆ ಇದೇ ಅಳತೆಗಳನ್ನು ಮತ್ತೊಮ್ಮೆ ನೋಡಿಸಿ.